ಉಹುರಾಳ ಕಿವಿಗೆ ಸಿಕ್ಕ ಬೆಲೆ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಬರುವ ಹಾಲಿವುಡ್ ಸಿನಿಮಾಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹಳೆಯ ಕಥೆಗೆ ಹೊಸ ನಟರನ್ನು ಹಾಕಿ ಮತ್ತೆ ಮೊದಲಿಂದ ಶುರು ಮಾಡುವುದೆಲ್ಲ ಬರೀ ದುಡ್ಡಿನ ಆಸೆ ಅಂತ ಲೇಖಕರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಅದಕ್ಕೆ, ಬಾಹ್ಯಾಕಾಶ ಹಡಗೊಂದರ ಕಥೆ ಹೇಳುವ ಹಳೆಯ ಅಮೆರಿಕನ್ ಟಿವಿ ಸರಣಿಯಿಂದ ಮಾಡಿದ 2009ರ ‘ಸ್ಟಾರ್ ಟ್ರೆಕ್’ ಸಿನಿಮಾದ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಬೇರೆ ಸಿನಿಮಾಗಳ ವಿಷಯ ಇರಲಿ, ಇದೊಂದನ್ನು ನಾನು ಒಪ್ಪುವುದಿಲ್ಲ.

ದುಡ್ಡಿನ ಲೆಕ್ಕ ಇರಲಿಲ್ಲ ಅಂತ ನಾನೂ ಹೇಳುವುದಿಲ್ಲ. 2008ರ ಕ್ರಿಸ್‌ಮಸ್‌ಗೆ ಬರಬೇಕಿದ್ದ ಸಿನಿಮಾ ಅದು. ಬೇಸಿಗೆಯಲ್ಲಿ ಜನ ಜಾಸ್ತಿ ಬರುತ್ತಾರೆ ಅಂತ ಪ್ಯಾರಾಮೌಂಟ್ ಕಂಪನಿ ಅದನ್ನು 2009ರ ಮೇ ತಿಂಗಳಿಗೆ ತಳ್ಳಿತು. ಸುಮಾರು 15 ಕೋಟಿ ಡಾಲರ್ ಹಾಕಿದರು, 38 ಕೋಟಿಗೂ ಜಾಸ್ತಿ ಬಂತು. ನಿರ್ದೇಶಕ ಜೆ.ಜೆ. ಏಬ್ರಮ್ಸ್ ತಾನು ಈ ಸರಣಿಯ ಅಭಿಮಾನಿಯೇನೂ ಆಗಿರಲಿಲ್ಲ ಅಂತ ಬಾಯಿಬಿಟ್ಟೇ ಹೇಳಿದ್ದರು. ಆದರೂ ಉಹುರಾ ಅನ್ನುವ ಪಾತ್ರದ ವಿಷಯದಲ್ಲಿ ಹಳೆಯ ಸರಣಿ ಮಾಡದೇ ಬಿಟ್ಟಿದ್ದ ಒಂದು ಕೆಲಸವನ್ನು ಈ ಸಿನಿಮಾ ಮಾಡಿತು. ಅದರ ಬಗ್ಗೆ ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಪತ್ರ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ದೂರದ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಜನ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಹಳೆಯ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ವಠಾರದ ಮಕ್ಕಳೆಲ್ಲ ವಲ್ಕನ್ ಗ್ರಹದಿಂದ ಬಂದ ಅಧಿಕಾರಿ ಸ್ಪಾಕ್‌ನ ಚೂಪು ಕಿವಿಯನ್ನೇ ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಕ್ಯಾಪ್ಟನ್ ಹಿಂದೆ ಕೂತು ಹಡಗಿನ ಸಂದೇಶಗಳನ್ನು ನೋಡಿಕೊಳ್ಳುತ್ತಿದ್ದ ಉಹುರಾಳ ಮೇಲೆ. ಕಿವಿಗೆ ಇಯರ್‌ಪೀಸ್, ಎದುರಿಗೆ ಬೋರ್ಡು, ಅದರ ತುಂಬ ಮಿನುಗುವ ದೀಪಗಳು. ನಮ್ಮದೇ ಕೆಲಸ! ಬಾಹ್ಯಾಕಾಶದಲ್ಲೂ ಲೈನ್ ಕೊಡಲು ಒಬ್ಬಳು ಬೇಕು ಅಂತ ನೋಡಿ ನನಗೆ ಎಷ್ಟು ಹೆಮ್ಮೆಯಾಗಿತ್ತು ಅಂತ ಹೇಳಲಾರೆ.

ಆದರೆ ಆ ಸರಣಿಯಲ್ಲಿ ಅವಳಿಗೆ ಕೊಟ್ಟಿದ್ದು ತುಂಬ ಕಡಿಮೆ. ಲೈನ್ ತೆರೆದಿದೆ ಕ್ಯಾಪ್ಟನ್, ಉತ್ತರ ಬರುತ್ತಿಲ್ಲ ಕ್ಯಾಪ್ಟನ್. ಹೆಚ್ಚಿನ ಕಂತುಗಳಲ್ಲಿ ಇಷ್ಟೇ. ಆ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಮೊದಲ ವರ್ಷ ಮುಗಿಯುತ್ತಲೇ ಬಿಟ್ಟು ಹೋಗಲು ಹೊರಟಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಅವರೇ ಬೇಡ ಅಂತ ತಡೆದರು. ಕಪ್ಪು ಹೆಂಗಸೊಬ್ಬಳು ಹಡಗಿನ ಅಧಿಕಾರಿಯಾಗಿ ಟಿವಿಯಲ್ಲಿ ಕೂತಿರುವುದೇ ದೊಡ್ಡ ವಿಷಯ ಅನ್ನುವುದು ಅವರ ಮಾತಿನ ಸಾರ. ಮುಂದೆ 1977ರಲ್ಲಿ ನಿಕೋಲ್ಸ್ ನಾಸಾ ಪರವಾಗಿ ಊರೂರು ತಿರುಗಿ, ಗಗನಯಾತ್ರಿಗಳಾಗಲು ಅರ್ಜಿ ಹಾಕಿ ಅಂತ ಹೆಂಗಸರನ್ನೂ ಕಪ್ಪು ಜನರನ್ನೂ ಹುರಿದುಂಬಿಸಿದರು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ಕೂಡ ಚಿಕ್ಕಂದಿನಲ್ಲಿ ಉಹುರಾಳನ್ನು ನೋಡಿ ಬೆಳೆದವರು. ಬರೀ ಹಿಂದೆ ಕೂತಿದ್ದಕ್ಕೇ ಇಷ್ಟಾಯಿತು. ಅವಳ ಕೈಗೆ ನಿಜವಾದ ಕೆಲಸ ಕೊಟ್ಟಿದ್ದರೆ?

2009ರ ಸಿನಿಮಾ ಕೊಟ್ಟಿತು. ಉಹುರಾ ಅದರಲ್ಲಿ ಇನ್ನೂ ವಿದ್ಯಾರ್ಥಿನಿ, ಪಾತ್ರ ಮಾಡಿದವರು ಜೋಯಿ ಸಲ್ಡಾನಾ. ರಾತ್ರಿ ಕೇಳುತ್ತಾ ಕೂತವಳ ಕಿವಿಗೆ ಕ್ಲಿಂಗಾನರು ಅನ್ನುವ ಬೇರೆ ಗ್ರಹದವರ ಜೈಲು ಗ್ರಹದಿಂದ ಬಂದ ಒಂದು ತುರ್ತು ಸಂದೇಶ ಬೀಳುತ್ತದೆ. ಕಥೆಯ ಶತ್ರುಗಳಾದ ರೋಮುಲನ್ನರು ಅವರ 47 ಹಡಗುಗಳನ್ನು ನಾಶ ಮಾಡಿದ್ದಾರೆ. ರೂಮಿಗೆ ಬಂದು ಗೆಳತಿಗೆ ಇದನ್ನು ಹೇಳುವಾಗ ಮಂಚದ ಕೆಳಗೆ ಅಡಗಿದ್ದ ಕರ್ಕ್, ಮುಂದೆ ಕ್ಯಾಪ್ಟನ್ ಆಗುವ ಸಹಪಾಠಿ, ಕೇಳಿಸಿಕೊಳ್ಳುತ್ತಾನೆ. ಮರುದಿನ ವಲ್ಕನ್ ಗ್ರಹದ ಕಡೆ ಹೊರಟ ಹಡಗಿಗೆ ಇದು ಬಲೆ ಅಂತ ಅವನಿಗೆ ಹೊಳೆಯುವುದು ಆ ಸಂದೇಶದಿಂದಲೇ. ಅಂದರೆ ಎಂಟರ್‌ಪ್ರೈಸ್ ಹಡಗು ಉಳಿದಿದ್ದು ಒಬ್ಬ ಆಪರೇಟರ್‌ನ ಕಿವಿಯಿಂದ.

ಆಮೇಲಿನ ದೃಶ್ಯ ಇನ್ನೂ ಚೆನ್ನಾಗಿದೆ. ರೋಮುಲನ್ ಭಾಷೆಯ ಸಂದೇಶ ಏನಾದರೂ ಬರುತ್ತಿದೆಯಾ ನೋಡು ಅಂತ ಕ್ಯಾಪ್ಟನ್ ಪೈಕ್ ಹೇಳುತ್ತಾನೆ. ಬೋರ್ಡಿನಲ್ಲಿ ಕೂತಿದ್ದ ಅಧಿಕಾರಿಗೆ ರೋಮುಲನ್ ಯಾವುದು, ವಲ್ಕನ್ ಯಾವುದು ಅಂತ ಬಿಡಿಸಿ ಹೇಳುವ ಧೈರ್ಯವಿಲ್ಲ. ನಿನಗೆ ಗೊತ್ತಾ ಅಂತ ಉಹುರಾಳನ್ನು ಕೇಳಿದರೆ, ಮೂರೂ ಬಗೆಯ ರೋಮುಲನ್ ಬರುತ್ತದೆ ಅನ್ನುತ್ತಾಳೆ. ಅಲ್ಲೇ, ಆ ಕ್ಷಣವೇ, ಅವನನ್ನು ಎಬ್ಬಿಸಿ ಅವಳನ್ನು ಕೂರಿಸುತ್ತಾರೆ. ಅವಳು ಕೇಳಿ ನೋಡಿ, ರೋಮುಲನ್ ಮಾತ್ರವಲ್ಲ, ಯಾವ ಸಂದೇಶವೂ ಇಲ್ಲ ಅನ್ನುತ್ತಾಳೆ. ಏನೂ ಕೇಳಿಸದೇ ಇರುವುದೇ ಅಪಾಯದ ಸುದ್ದಿ ಅಂತ ಕರ್ಕ್‌ಗೆ ಅರ್ಥವಾಗುತ್ತದೆ. ಇದನ್ನು ಬರೆದವರಿಗೆ ನಮ್ಮ ಕೆಲಸ ಗೊತ್ತಿತ್ತು! ಮಳೆಗಾಲದಲ್ಲಿ ಗರಗರ ಸದ್ದು ಬರುವ ಲೈನಿಗೆ ನಾವು ಹೆದರುತ್ತಿರಲಿಲ್ಲ. ಸದ್ದೇ ಇಲ್ಲದ ಲೈನ್ ಅಂದರೆ ಎಲ್ಲೋ ಕಂಬ ಉರುಳಿದೆ ಅಂತಲೇ. ಮಾತು ಕೇಳಿ ಸೀಮೆ ಗುರುತಿಸುವುದೂ ಹಾಗೆಯೇ. ಹಲೋ ಅಂದ ತಕ್ಷಣ ಇವರು ಕುಂದಾಪುರದ ಕಡೆಯವರು, ಇವರು ಧಾರವಾಡದವರು ಅಂತ ನಮ್ಮಲ್ಲಿ ಎಷ್ಟೋ ಜನ ಹೇಳುತ್ತಿದ್ದರು. ಅದನ್ನು ಯಾರೂ ವಿದ್ಯೆ ಅಂತ ಎಣಿಸಲಿಲ್ಲ, ಅಷ್ಟೇ.

ಇಷ್ಟು ಹೊಗಳಿದ ಮೇಲೆ ನನ್ನ ಸಿಟ್ಟನ್ನೂ ಹೇಳಬೇಕು. ಅರ್ಧ ಸಿನಿಮಾ ಆದ ಮೇಲೆ ಬೇಸಿಗೆ ಸಿನಿಮಾದ ಚಪಲ ಶುರುವಾಗುತ್ತದೆ. ಒಂದಾದ ಮೇಲೊಂದು ಸ್ಫೋಟ, ಕತ್ತಿ ಕಾಳಗ, ಗುದ್ದಾಟ. ಉಹುರಾಳಿಗೆ ಸ್ಪಾಕ್‌ಗೆ ಮುತ್ತು ಕೊಟ್ಟು ಕಳಿಸುವುದು ಬಿಟ್ಟರೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಶತ್ರುವಿನ ಹಡಗಿಗೆ ನುಗ್ಗುವವರು ಕರ್ಕ್ ಮತ್ತು ಸ್ಪಾಕ್. ಆ ಹಡಗಿನವರ ಭಾಷೆ ಚೆನ್ನಾಗಿ ಬಲ್ಲವಳನ್ನು ಇಲ್ಲೇ ಬಿಟ್ಟು ಹೋಗುತ್ತಾರೆ. 2013ರ ಎರಡನೇ ಸಿನಿಮಾದಲ್ಲಿ ಅವಳು ಒಬ್ಬಳೇ ಇಳಿದು ಹೋಗಿ ಕ್ಲಿಂಗಾನರ ಎದುರು ನಿಂತು ಅವರ ಭಾಷೆಯಲ್ಲೇ ಮಾತಾಡುತ್ತಾಳೆ. ನಾನು ಉಸಿರು ಬಿಗಿಹಿಡಿದು ನೋಡಿದೆ. ಅಷ್ಟರಲ್ಲಿ ಗುಂಡಿನ ಸುರಿಮಳೆ. ಮಾತಿಗೆ ಇನ್ನೆರಡು ನಿಮಿಷ ಕೊಟ್ಟಿದ್ದರೆ ಟಿಕೆಟ್ ಮಾರಾಟ ನಿಂತುಹೋಗುತ್ತಿತ್ತಾ?

ಹಾಗಾಗಿ ನಿಮ್ಮಲ್ಲೊಂದು ವಿನಂತಿ. ಹೊಸದಾಗಿ ಶುರುವಾದ ಹಳೆಯ ಕಥೆಗಳ ವಿಮರ್ಶೆ ಬರೆಸುವಾಗ, ಎಷ್ಟು ಕೋಟಿ ಖರ್ಚು, ಎಷ್ಟು ಗಳಿಕೆ ಅನ್ನುವುದರ ಜೊತೆಗೆ ಇದನ್ನೂ ಬರೆಸಿ: ಮೊದಲ ಸಲ ಮೂಲೆಯಲ್ಲಿ ಕೂತಿದ್ದವರಿಗೆ ಈ ಸಲ ಏನು ಕೆಲಸ ಸಿಕ್ಕಿತು, ಕೊನೆಯವರೆಗೂ ಉಳಿಯಿತಾ? 2016ರ ಮೂರನೇ ಸಿನಿಮಾಕ್ಕೆ ಬಂದ ವಿಮರ್ಶೆಗಳಲ್ಲಿ ನಾನು ಓದಿದ್ದು ಬೈಕಿನ ದೃಶ್ಯದ ಬಗ್ಗೆ, ಹಡಗು ಚೂರಾಗುವುದರ ಬಗ್ಗೆ. ಮುಖ ಪೂರ್ತಿ ಬದಲಾಗಿದ್ದ ಖಳನನ್ನು ಹಳೆಯ ವಿಡಿಯೊ ನೋಡಿ ಇವನೇ ಅಂತ ಪತ್ತೆ ಹಚ್ಚಿದ್ದು ಉಹುರಾ. ಅದಕ್ಕೆ ಒಂದು ಸಾಲೂ ಇರಲಿಲ್ಲ.

ಇತಿ ನಿಮ್ಮ ಓದುಗಾರ್ತಿ,
ನಿವೃತ್ತ ಟೆಲಿಫೋನ್ ಆಪರೇಟರ್, ಹಾಸನ