ಹಳೇ ಜಿಪ್ಸಿಗೆ ಬೇರೆ ಇಂಜಿನ್: ಮಗಳಿಗೊಂದು ಪತ್ರ

ಚಿಕ್ಕಮಗಳೂರು

ಪುಟ್ಟಿ,

ನಿನ್ನ ಮಾರುತಿ ಜಿಪ್ಸಿಗೆ ಬೇರೆ ಇಂಜಿನ್ ಹಾಕಿಸುವ ತೀರ್ಮಾನ ಸರಿಯಾಗಿದೆ. ಬೋರ್ (ಸಿಲಿಂಡರಿನ ಒಳಗೋಡೆ) ಗೀರಿ, ಕ್ರ್ಯಾಂಕೂ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಸವೆದ ಮೇಲೆ ಹಳೆಯದಕ್ಕೇ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಆದರೆ ಹಾಸನದ ಮೇಸ್ತ್ರಿ ‘ಒಂದೇ ದಿನದಲ್ಲಿ ಏರಿಸಿ ಕೊಡ್ತೀನಿ ಅಕ್ಕಾ’ ಅಂದರೆ ಒಪ್ಪಿಕೊಳ್ಳಬೇಡ. ಏರಿಸುವುದಕ್ಕೆ ಒಂದು ದಿನ ಸಾಕು, ನಿಜ. ಅದಕ್ಕೂ ಮೊದಲು ನೆಲದ ಮೇಲೆ ಮುಗಿಸಬೇಕಾದ ಕೆಲಸಕ್ಕೆ ನಾಲ್ಕೈದು ದಿನ ಬೇಕು. ಹಿಂದಿನ ಆಯಿಲ್ ಸೀಲ್, ಪೈಲಟ್ ಬೇರಿಂಗ್ (ಗೇರ್ ಬಾಕ್ಸಿನ ಶಾಫ್ಟಿನ ತುದಿ ಹಿಡಿಯುವುದು), ಕ್ಲಚ್ ಇವೆಲ್ಲ ಸಲೀಸಾಗಿ ಕೈಗೆ ಸಿಗುವುದು ಇಂಜಿನ್ ಹೊರಗಿರುವಾಗ. ಈಗ ಒಂದು ಸೀಲ್ ಬಿಟ್ಟರೆ ಮುಂದೆ ಅದೊಂದಕ್ಕಾಗಿಯೇ ಗೇರ್ ಬಾಕ್ಸೋ ಇಂಜಿನ್ನೋ ಮತ್ತೆ ಇಳಿಯಬೇಕು.

ಮೊದಲು ಯಾವ ಇಂಜಿನ್ ಅನ್ನುವುದು. ನಿನ್ನದು 1990ರ ದಶಕದ ಕೊನೆಯ ಜಿಪ್ಸಿ ಕಿಂಗ್: ಜಿ13ಬಿಎ, 1298 ಸಿಸಿ, 8 ವಾಲ್ವ್, ಕಾರ್ಬ್ಯುರೇಟರ್. ಅದನ್ನೇ ಹುಡುಕು. ಆಮೇಲಿನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಜಿಪ್ಸಿಯ 16 ವಾಲ್ವ್ ಇಂಜಿನ್ನಿಗೆ ಶಕ್ತಿ ಹೆಚ್ಚು. ಆದರೆ ಅದರ ಜೊತೆಗೆ ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಸೆನ್ಸರ್‌ಗಳು, ಕರೆಂಟಿನ ಪೆಟ್ರೋಲ್ ಪಂಪ್ ಎಲ್ಲವೂ ಬರಬೇಕು. ಒಂದು ವೈರ್ ಹೆಚ್ಚುಕಡಿಮೆಯಾದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಗುಜರಿಯಲ್ಲಿ ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಅಗ್ಗಕ್ಕೆ ಸಿಗುತ್ತದೆ, ಅದೂ ಇದೇ ವಂಶದ್ದು. ಅದರಲ್ಲಿ ಇಂಜಿನ್ ಅಡ್ಡಡ್ಡ ಕೂತಿರುತ್ತದೆ, ನಿನ್ನದರಲ್ಲಿ ಉದ್ದಕ್ಕೆ. ಹಾಗಾಗಿ ಇಂಜಿನ್ನಿನ ತಳದ ಆಯಿಲ್ ಚೇಂಬರ್, ಅದರೊಳಗಿನ ಸ್ಟ್ರೈನರ್ ಪೈಪ್, ಮೌಂಟಿಂಗ್ ಬ್ರಾಕೆಟ್, ನೀರಿನ ಪೈಪ್ ಎಲ್ಲವನ್ನೂ ನಿನ್ನ ಹಳೇ ಇಂಜಿನ್ನಿನಿಂದ ಬಿಚ್ಚಿ ಹಾಕಬೇಕಾಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದನ್ನು ತಗೋ.

ಹಣ ಕೊಡುವ ಮೊದಲು ಬ್ಲಾಕಿನ ಮೇಲೆ ಕೊರೆದಿರುವ ನಂಬರ್ ಓದು. ಅರ ಹಾಕಿ ಉಜ್ಜಿದ್ದರೆ, ಅಥವಾ ಅಂಕಿಗಳ ಸಾಲು ಏರುಪೇರಾಗಿದ್ದರೆ ಆ ಇಂಜಿನ್ ಮುಟ್ಟಬೇಡ. ಆ ನಂಬರ್ ಬರೆದಿರುವ ಬಿಲ್ಲು, ಇಂಜಿನ್ ಯಾವ ಗಾಡಿಯದೋ ಅದರ ಆರ್‌ಸಿ ಪ್ರತಿ, ಎರಡನ್ನೂ ಕೇಳಿ ಇಟ್ಟುಕೋ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಮೊದಲೇ ಬೇಕು. ಬದಲಿಸಿದ 14 ದಿನದೊಳಗೆ ವರದಿ ಕೊಟ್ಟು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ನಿನ್ನ ಗಾಡಿ ಕೆಎ 13, ಹಾಸನದ ಕಚೇರಿಯಲ್ಲೇ ಆಗುತ್ತದೆ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸು. ನಂಬರ್ ತಾಳೆಯಾಗದಿದ್ದರೆ ಮುಂದಿನ ಎಫ್‌ಸಿಯಲ್ಲೂ (ಫಿಟ್‌ನೆಸ್ ತಪಾಸಣೆ) ಅಪಘಾತದ ಕ್ಲೇಮಿನಲ್ಲೂ ಗಾಡಿ ಸಿಕ್ಕಿಬೀಳುತ್ತದೆ.

ಇಂಜಿನ್ನಿನ ಒಳಗಿನ ಸ್ಥಿತಿ ತಿಳಿಯಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಲೇಬೇಕು. ಪ್ಲಗ್ಗಿನ ತೂತಿಗೆ ಗೇಜ್ ಹಾಕಿ ಅಳೆಯುವುದು. ಇದರಲ್ಲಿ ಒಂದು ತೊಡಕಿದೆ. ಜಿಪ್ಸಿಯ ಸೆಲ್ಫ್ ಮೋಟರ್ ಕೂರುವುದು ಗೇರ್ ಬಾಕ್ಸಿನ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಮೇಲೆ. ಬರಿ ಇಂಜಿನ್ ನೆಲದ ಮೇಲೆ ಬಿದ್ದಿದ್ದರೆ ಸೆಲ್ಫ್ ಹೊಡೆಯುವುದಕ್ಕೇ ಆಗದು. ಗೇರ್ ಬಾಕ್ಸ್ ಸಮೇತ ಇರುವಾಗ, ಆದರೆ ಇನ್ನೂ ಹಳೇ ಗಾಡಿಯಲ್ಲೇ ಇರುವಾಗ, ನೋಡುವುದು ಒಳ್ಳೆಯದು. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು, ಚಾರ್ಜ್ ತುಂಬಿದ ಬ್ಯಾಟರಿಯಿಂದ ತಿರುಗಿಸಬೇಕು. ಆಕ್ಸಿಲರೇಟರ್ ತುಳಿಯದಿದ್ದರೆ ಗಾಳಿ ಒಳಗೆ ಹೋಗದೆ ಒಳ್ಳೆ ಇಂಜಿನ್ನೂ ಕೆಟ್ಟದ್ದೆಂದು ತೋರುತ್ತದೆ. ಪುಸ್ತಕದ ಲೆಕ್ಕ ಸುಮಾರು 200 ಪಿಎಸ್‌ಐ (ಒತ್ತಡದ ಅಳತೆ), 170ಕ್ಕಿಂತ ಕೆಳಗಿಳಿದರೆ ಸವೆದಿದೆ ಎಂದರ್ಥ. ಈ ಲೆಕ್ಕ ಸಮುದ್ರಮಟ್ಟದ್ದು. ಹಾಸನ ಸುಮಾರು 950 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡವೇ ಶೇ 10ರಷ್ಟು ಕಡಿಮೆ. ಗೇಜೂ ಅಷ್ಟೇ ಕಡಿಮೆ ತೋರಿಸುತ್ತದೆ. ಮಂಗಳೂರಲ್ಲಿ 190 ತೋರಿಸಿದ ಇಂಜಿನ್ ನಮ್ಮಲ್ಲಿ 170 ತೋರಿಸಿದರೆ ಗಾಬರಿ ಬೇಡ. ನಾಲ್ಕು ಸಿಲಿಂಡರಿನ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನುವುದನ್ನೇ ಮುಖ್ಯವಾಗಿ ನೋಡು. 14 ಪಿಎಸ್‌ಐಗಿಂತ ಹೆಚ್ಚಿದ್ದರೆ ಕಾರಣ ಹುಡುಕಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡು. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಬರಿ ಇಂಜಿನ್ ಮಾತ್ರ ಸಿಕ್ಕಿದರೆ ಕಂಪ್ರೆಸರ್ ಗಾಳಿಯಿಂದ ಪರೀಕ್ಷೆ ಮಾಡಿಸು. ನೋಡುವ ಸಿಲಿಂಡರಿನ ಪಿಸ್ಟನ್ ಮೇಲೆ ಬಂದು ಎರಡೂ ವಾಲ್ವ್ ಮುಚ್ಚಿರುವಾಗ ಪ್ಲಗ್ಗಿನ ತೂತಿನಿಂದ ಗಾಳಿ ಬಿಟ್ಟು ಕಿವಿಗೊಡಬೇಕು. ಕಾರ್ಬ್ಯುರೇಟರ್ ಕಡೆ ಸುಯ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಕಡೆ ಅಂದರೆ ಎಕ್ಸಾಸ್ಟ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್. ಗಾಳಿ ಬಿಡುವಾಗ ಕ್ರ್ಯಾಂಕ್ ಬೋಲ್ಟಿನ ಮೇಲೆ ಸ್ಪ್ಯಾನರ್ ಬಿಟ್ಟಿರಬಾರದು. ಪಿಸ್ಟನ್ ಕೆಳಕ್ಕೆ ಒದ್ದರೆ ಸ್ಪ್ಯಾನರ್ ಕೈ ಮುರಿಯುವಷ್ಟು ಜೋರಾಗಿ ತಿರುಗುತ್ತದೆ.

ಆಯಿಲ್ ಚೇಂಬರ್ ಬಿಚ್ಚಿಸಿ ನೋಡುವುದಕ್ಕೆ ಮಾರುವವರು ಗೊಣಗಿದರೂ ಬಿಡಬೇಡ. ತಳದಲ್ಲಿ ತಾಮ್ರದ ಬಣ್ಣದ ಪುಡಿ ಇದ್ದರೆ ಬೇರಿಂಗ್ ಸವೆದು ಒಳಪದರ ಕಾಣುತ್ತಿದೆ ಎಂದರ್ಥ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು ಹಿಡಿಯುವ ಕಡೆಯ ಮುಚ್ಚಳ, ಅಂದರೆ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚಿ ಕ್ರ್ಯಾಂಕಿನ ಮೇಲೆ ಉಗುರು ಆಡಿಸು. ಉಗುರಿಗೆ ಸಿಗುವ ಗೆರೆ ಇದ್ದರೆ ಆ ಇಂಜಿನ್ ಬೇಡ.

ಇಳಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮೇಸ್ತ್ರಿಗೆ ಗೊತ್ತಿರುತ್ತದೆ. ಎರಡು ದಿನ ಮೊದಲೇ ಎಕ್ಸಾಸ್ಟ್ ನಟ್ಟುಗಳಿಗೆ ತುಕ್ಕು ಬಿಡಿಸುವ ಆಯಿಲ್ ಹಾಕಿಸಿಡು. ಹೆಡ್ ಅಲ್ಯೂಮಿನಿಯಂ, ಸ್ಟಡ್ ಮುರಿದರೆ ಡ್ರಿಲ್ ಹೊಡೆದು ತೆಗೆಯುವಾಗ ಥ್ರೆಡ್ ಹಾಳಾಗುತ್ತದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು. ಪೆಟ್ರೋಲ್ ಪಂಪಿಗೆ ಬರುವ, ಹೋಗುವ, ಟ್ಯಾಂಕಿಗೆ ವಾಪಸಾಗುವ ಪೈಪ್‌ಗಳಿಗೂ ಎಲ್ಲ ವ್ಯಾಕ್ಯೂಮ್ ಪೈಪ್‌ಗಳಿಗೂ ಟೇಪ್ ಸುತ್ತಿ ನಂಬರ್ ಬರೆದು, ಬಿಚ್ಚುವ ಮೊದಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆ. ಬಾಯಿ ತೆರೆದ ಪೈಪನ್ನು ರಾತ್ರಿ ಹಾಗೇ ಬಿಡಬೇಡ. ಕುಂಬಾರ ಹುಳು ಒಂದೇ ದಿನದಲ್ಲಿ ಒಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ, ಆಮೇಲೆ ಪೆಟ್ರೋಲ್ ಯಾಕೆ ಬರುತ್ತಿಲ್ಲವೆಂದು ಹುಡುಕುತ್ತಾ ಕೂರಬೇಕು. ಇಂಜಿನ್ನಿನ ಬಾಯಿಗಳಿಗೆ ಬಟ್ಟೆ ತುರುಕಿದರೆ ಎಷ್ಟು ತುಂಡು ಎಂದು ಎಣಿಸಿ ಬರೆದಿಡು.

ಈಗ ಎರಡೂ ಇಂಜಿನ್ ಅಕ್ಕಪಕ್ಕ ಇಡು. ಹಳೆಯದನ್ನು ಎಲ್ಲಾ ಮುಗಿಯುವವರೆಗೆ ಗುಜರಿಗೆ ಕೊಡಬೇಡ. ಒಂದೊಂದೇ ಭಾಗ ಹೋಲಿಸುತ್ತಾ ಹೋಗು: ಫ್ಲೈವೀಲಿನ ಹಲ್ಲು, ಟೆಂಪರೇಚರ್ ಮತ್ತು ಆಯಿಲ್ ಪ್ರೆಶರ್ ಸ್ವಿಚ್ಚಿನ ಥ್ರೆಡ್, ಡೈನಮೋ ಬ್ರಾಕೆಟ್, ಮೌಂಟಿಂಗ್ ತೂತು, ಫ್ಯಾನಿನ ಅಂತರ. ಬ್ಲಾಕಿನ ಹಿಂಬದಿಯ ಎರಡು ಡವೆಲ್ ಪಿನ್ ಮರೆಯದೆ ನೋಡು. ಬೆರಳಿನ ತುದಿಯಷ್ಟಿರುವ ಈ ಪಿನ್ನುಗಳೇ ಇಂಜಿನ್ ಮತ್ತು ಗೇರ್ ಬಾಕ್ಸನ್ನು ಒಂದೇ ನೇರದಲ್ಲಿ ಹಿಡಿಯುವುದು. ಹಳೇ ಇಂಜಿನ್ನಿನಲ್ಲೇ ಉಳಿದುಬಿಟ್ಟಿದ್ದು ಯಾರೂ ಗಮನಿಸದಿದ್ದರೆ ಬೋಲ್ಟುಗಳು ಬಿಗಿಯಾಗುತ್ತವೆ, ಗಾಡಿಯೂ ಓಡುತ್ತದೆ. ಆದರೆ ಕ್ಲಚ್ ಅದುರುತ್ತದೆ, ಕೆಲವು ತಿಂಗಳಲ್ಲಿ ಗೇರ್ ಬಾಕ್ಸಿನ ಮುಂದಿನ ಬೇರಿಂಗ್ ಸದ್ದು ಶುರುಮಾಡುತ್ತದೆ. ಆಗ ಎಲ್ಲರೂ ಗೇರ್ ಬಾಕ್ಸನ್ನೇ ಬೈಯುತ್ತಾರೆ.

ನೆಲದ ಮೇಲಿರುವಾಗಲೇ ಬದಲಿಸಬೇಕಾದ್ದು: ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ರ್ಯಾಂಕಿನ ಮುಂದಿನ ಹಿಂದಿನ ಸೀಲ್, ಕ್ಯಾಮ್ ಸೀಲ್, ಟಪ್ಪೆಟ್ ಕವರ್ ಗ್ಯಾಸ್ಕೆಟ್, ಪ್ಲಗ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್‌ಗಳು, ಇಂಜಿನ್ ಮೌಂಟಿಂಗ್ ರಬ್ಬರ್. ಥರ್ಮೋಸ್ಟಾಟನ್ನು ತೆಗೆದೇ ಓಡಿಸುವ ಚಾಳಿ ನಮ್ಮ ಕಡೆ ಇದೆ, ಅದು ತಪ್ಪು. ಮಲೆನಾಡಿನ ಚಳಿಗೆ ಇಂಜಿನ್ ಬಿಸಿಯೇ ಏರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರೂ ಬೇಗ ಸವೆಯುತ್ತದೆ. ಪೆಟ್ರೋಲಿನ ರಬ್ಬರ್ ಪೈಪನ್ನೂ ಹೊಸದು ಹಾಕಿಸು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್, ಆ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಎಥನಾಲ್ ತಡೆಯುವ ಪೈಪ್ ಎಂದೇ ಕೇಳಿ ತಗೋ.

ಹಿಂದಿನ ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಇಂಜಿನ್ನಿನ ಒಳಕ್ಕೆ ಇರಬೇಕು, ತುಟಿಗೆ ಆಯಿಲ್ ಸವರಿರಬೇಕು. ಹಳೇ ಸೀಲ್ ಉಜ್ಜಿ ಕ್ರ್ಯಾಂಕಿನ ಮೇಲೆ ಸಣ್ಣ ಕಾಲುವೆ ಮೂಡಿದ್ದರೆ ಹೊಸದನ್ನು ಒಂದೆರಡು ಮಿಲಿಮೀಟರ್ ಹೊರಗೆ ನಿಲ್ಲಿಸಿದರೆ ತುಟಿ ಸವೆಯದ ಜಾಗಕ್ಕೆ ಬರುತ್ತದೆ. ಟೈಮಿಂಗ್ ಬೆಲ್ಟ್ ಹಾಕಿದ ಮೇಲೆ 17ರ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಬೆಲ್ಟ್ ತೆಗೆದು ಮೊದಲಿನಿಂದ ಹಾಕಿ. ಟಪ್ಪೆಟ್ (ವಾಲ್ವಿನ ತುದಿಯ ಸಂದು) ಕೂಡ ಆಗಲೇ ಹೊಂದಿಸಿಬಿಡಿ: ಇಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.13ರಿಂದ 0.17 ಮಿ.ಮೀ., ಎಕ್ಸಾಸ್ಟ್ 0.16ರಿಂದ 0.20.

ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸು. ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಇವೆಯೇ ನೋಡಿ ಲೇತಿನಲ್ಲಿ ಮುಖ ಹೊಡೆಸಿ ಸಮ ಮಾಡಿಸು. ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದಂತೆ ಸವರಿರುವ ಎಣ್ಣೆಯನ್ನು ಒರೆಸದೆ ಹಾಕಿದರೆ ಮೊದಲ ದಿನವೇ ಕ್ಲಚ್ ಜಗ್ಗುತ್ತದೆ. ಪ್ಲೇಟನ್ನು ನಡುವಿಗೆ ತರಲು ಡಮ್ಮಿ ಶಾಫ್ಟ್ (ಗೇರ್ ಬಾಕ್ಸಿನ ಶಾಫ್ಟಿನಂಥದ್ದೇ ಒಂದು ತುಂಡು) ಬೇಕೇ ಬೇಕು, ಕಣ್ಣಳತೆಯಲ್ಲಿ ಆಗದು. ಸ್ಪ್ಲೈನಿಗೆ (ಪ್ಲೇಟು ಕೂರುವ ಶಾಫ್ಟಿನ ಉದ್ದುದ್ದ ಹಲ್ಲುಗಳು) ಗ್ರೀಸ್ ತೆಳ್ಳಗೆ ಸವರಿ ಹೆಚ್ಚಾದದ್ದನ್ನು ಒರೆಸಿ. ಉಳಿದದ್ದು ಸಿಡಿದು ಪ್ಲೇಟಿಗೇ ಬೀಳುತ್ತದೆ.

ಇಂಜಿನ್ ಒಳಗಿಳಿಸಿ ಗೇರ್ ಬಾಕ್ಸಿಗೆ ಸೇರಿಸುವಾಗ ನೀನು ಹತ್ತಿರವೇ ನಿಂತಿರು. ಗೇರ್ ಬಾಕ್ಸಿನ ಕೆಳಗೆ ಜಾಕ್ ಇರಲಿ. ಎರಡೂ ಮುಖಗಳ ನಡುವಿನ ಸಂದು ಮೇಲೂ ಕೆಳಗೂ ಒಂದೇ ಸಮ ಇರಬೇಕು. ನಾಲ್ಕೈದು ಮಿಲಿಮೀಟರ್ ಉಳಿದು ಮುಚ್ಚದಿದ್ದರೆ ಬೋಲ್ಟು ಬಿಗಿದು ಎಳೆಯುವುದಕ್ಕೆ ಯಾರಿಗೂ ಬಿಡಬೇಡ. ಬೆಲ್ ಹೌಸಿಂಗಿನ ಕಿವಿ ಮುರಿಯುವುದು, ಕ್ಲಚ್ ಪ್ಲೇಟಿನ ನಡು ಸೊಟ್ಟಗಾಗುವುದು ಆ ಗಳಿಗೆಯಲ್ಲೇ. ಗಾಡಿಯನ್ನು ಗೇರಿಗೆ ಹಾಕಿ ಕ್ರ್ಯಾಂಕ್ ಸ್ವಲ್ಪ ತಿರುಗಿಸಿದರೆ ಸ್ಪ್ಲೈನ್ ಕೂಡಿಕೊಂಡು ಸಂದು ತಾನಾಗಿ ಮುಚ್ಚುತ್ತದೆ. ಆಗಲೂ ಮುಚ್ಚದಿದ್ದರೆ ಹೊರಗೆ ತೆಗೆದು ಪ್ಲೇಟಿನ ನಡು ಮತ್ತೆ ನೋಡಿ. ಪೂರ್ತಿ ಕೂರದ ಇಂಜಿನ್ನನ್ನು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ ನೇತುಬಿಟ್ಟು ಚಹಾಕ್ಕೆ ಹೋಗಲು ಬಿಡಬೇಡ.

ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಎರಡೂ ತುದಿಯಲ್ಲಿ ಬಣ್ಣ, ತುಕ್ಕು ಕೆರೆದು ಬೆಳ್ಳಗೆ ಮಾಡಿಸು. ಅದನ್ನು ಮರೆತರೆ ಸೆಲ್ಫಿನ ಕರೆಂಟ್ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಬಿಸಿಯಾಗಿ ಹೊಗೆ ಬಂದರೆ ಕಾರಣ ಇದೇ.

ಈ ಇಂಜಿನ್ನಿನ ಬ್ಲಾಕೂ ಅಲ್ಯೂಮಿನಿಯಂ, ಹಾಗಾಗಿ ಹಳ್ಳದ ನೀರಾಗಲಿ ಬೋರ್‌ವೆಲ್ ನೀರಾಗಲಿ ರೇಡಿಯೇಟರಿಗೆ ಬೇಡ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬುವ ಮುನ್ನ ರೇಡಿಯೇಟರನ್ನು ಹೊರಗೆ ತೆಗೆಸಿ, ಒಳಗೆ ತೊಳೆಸಿ, ಒತ್ತಡ ಹಾಕಿ ನೋಡಿಸು. ಕೆಸರು ಕಟ್ಟಿದ ಹಳೇ ರೇಡಿಯೇಟರೇ ಹೊಸ ಇಂಜಿನ್ನಿನ ಹೆಡ್ ಸುಡುವುದು.

ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಆಯಿಲ್ ಲೈಟ್ ಆರುವವರೆಗೆ ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ನಡುವೆ ಮೋಟರ್ ತಣಿಯಲು ಬಿಡಿ. ಆಮೇಲೆ ಪ್ಲಗ್ ಹಾಕಿ. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2, ಪ್ಲಗ್ ವೈರುಗಳನ್ನು ಅದೇ ಕ್ರಮದಲ್ಲಿ ಹಾಕಬೇಕು. ಸ್ಟಾರ್ಟ್ ಆದ ಮೇಲೂ ಆಯಿಲ್ ಲೈಟ್ ಕೆಲವು ಸೆಕೆಂಡಿನಲ್ಲಿ ಆರದಿದ್ದರೆ ಕೂಡಲೇ ಆಫ್ ಮಾಡು. ರೇಡಿಯೇಟರ್ ಮುಚ್ಚಳ ತೆರೆದೇ ಶುರುಮಾಡಿ, ಗಾಳಿಗುಳ್ಳೆ ನಿಂತು ನೀರಿನ ಮಟ್ಟ ಇಳಿಯುವುದು ನಿಂತ ಮೇಲೆ ಮುಚ್ಚಿ.

ಮೊದಲ ಓಟಕ್ಕೆ ಚನ್ನರಾಯಪಟ್ಟಣದ ಕಡೆಯ ಸಮತಟ್ಟು ರಸ್ತೆ ಹಿಡಿ. ಶಿರಾಡಿ, ಚಾರ್ಮಾಡಿ ಘಾಟಿ ಕಡೆ ಈಗಲೇ ಬೇಡ, ಇಲ್ಲಿಗೆ ಬಂದಾಗ ಮುಳ್ಳಯ್ಯನಗಿರಿಗೂ ಬೇಡ. ರೀಬಿಲ್ಡ್ ಮಾಡಿದ ಇಂಜಿನ್ ಆಗಿದ್ದರೆ ಮೊದಲ 1000 ಕಿಲೋಮೀಟರ್ ಒಂದೇ ವೇಗದಲ್ಲಿ ಹಿಡಿದಿಡಬೇಡ, ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಿ ಏರು ಹತ್ತಿಸಬೇಡ. ಅಷ್ಟು ಓಡಿದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಎಕ್ಸಾಸ್ಟ್ ನಟ್ಟು, ಮೌಂಟಿಂಗ್ ಬೋಲ್ಟು ಮತ್ತೊಮ್ಮೆ ಬಿಗಿಸು, ಟಪ್ಪೆಟ್ ಮತ್ತೆ ನೋಡಿಸು. ಇಳಿಸಿದ ಆಯಿಲನ್ನು ಬಿಳಿ ತಟ್ಟೆಗೆ ಸ್ವಲ್ಪ ಸುರಿದು ಬಿಸಿಲಲ್ಲಿ ನೋಡು. ಮಿಂಚುವ ಪುಡಿ ಕಂಡರೆ ಅಲ್ಲೇ ಗಾಡಿ ನಿಲ್ಲಿಸಿ ನನಗೆ ಫೋನ್ ಮಾಡು.

ನಿನ್ನ
ಅಪ್ಪ