ಆ ಬಾಂಡ್ ಪೇಪರಿಗೆ ಸಹಿ ಬೇಡ, ದೋಸ್ತಾ

ದೋಸ್ತಾ,

ಇಲ್ಲಿ ಪುಣೆಯಲ್ಲಿ ಕಾರು ಬಡಿದು ನಿನ್ನ ತಮ್ಮ ಹೋಗಿಬಿಟ್ಟ. ಫೋನಿನಲ್ಲಿ ನೀನು ಅಳುತ್ತಿದ್ದೆ, ನಾನು ಸುಮ್ನೆ ಹೂಂ ಅಂದೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ. ನಮ್ಮ ಕಡೆಯವರು ಎಷ್ಟೋ ಮಂದಿ ಪುಣೆಯಲ್ಲಿ ದುಡಿಯುತ್ತಾರೆ, ಅವರಿಗೂ ಬೇಕಾಗಬಹುದು ಅಂತ ಹೆಸರು ತೆಗೆದು ಇಲ್ಲೇ ಹಾಕುತ್ತಿದ್ದೇನೆ.

ಕಾರಿನವರು 3 ಲಕ್ಷ ಕೊಡುತ್ತೇವೆ, ರಾಜಿ ಅಂತ ಬಾಂಡ್ ಪೇಪರ್ ಮೇಲೆ ಸಹಿ ಹಾಕಿ ಅಂದರಂತಲ್ಲ, ಹಾಕಬೇಡಿ. ಪೊಲೀಸ್ ಕೇಸೇ ಬೇರೆ, ಪರಿಹಾರದ ಕೇಸೇ ಬೇರೆ. ಮೊದಲನೆಯದರಲ್ಲಿ ಸರ್ಕಾರ ಡ್ರೈವರನ ಮೇಲೆ ನಡೆಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, 5 ವರ್ಷದವರೆಗೆ ಜೈಲು. ಎರಡನೆಯದು ನಿಮ್ಮದು. ಅದರ ದುಡ್ಡು ಹೆಚ್ಚಾಗಿ ಕಾರಿನ ಇನ್ಶೂರೆನ್ಸ್ ಕಂಪನಿಯಿಂದ ಬರುತ್ತದೆ. ಡ್ರೈವರ್ ನಾಳೆ ಖುಲಾಸೆಯಾದರೂ ನಿಮ್ಮ ಪರಿಹಾರದ ಬಾಗಿಲು ತಾನಾಗಿ ಮುಚ್ಚುವುದಿಲ್ಲ.

3 ಲಕ್ಷ ಯಾಕೆ ಕಮ್ಮಿ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಸುಪ್ರೀಂ ಕೋರ್ಟು 2009ರಲ್ಲಿ, ಆಮೇಲೆ 2017ರಲ್ಲಿ ಹಾಕಿಕೊಟ್ಟ ಸೂತ್ರ ಇದು. ತಮ್ಮನ ಪಗಾರ 30,000, ವರ್ಷಕ್ಕೆ 3,60,000. ವಯಸ್ಸು 34. 40ರ ಒಳಗಿದ್ದಾನೆ, ಕಾಯಂ ನೌಕರಿ ಅಲ್ಲ. ಹಾಗಾಗಿ ಮುಂದೆ ಪಗಾರ ಏರುತ್ತಿತ್ತು ಅಂತ ಶೇ. 40 ಸೇರಿಸುತ್ತಾರೆ, 5,04,000 ಆಯಿತು. ಹೆಂಡತಿ, ಇಬ್ಬರು ಮಕ್ಕಳು, ಅವ್ವ, ಒಟ್ಟು ನಾಲ್ವರು ಅವನನ್ನೇ ನಂಬಿದ್ದರು. ಅದಕ್ಕೆ ಅವನ ಸ್ವಂತ ಖರ್ಚಂತ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 3,78,000. ಆ ವಯಸ್ಸಿಗೆ ಗುಣಿಸುವ ಅಂಕಿ 16. ಒಟ್ಟು 60,48,000 ರೂಪಾಯಿ. ಮಣ್ಣಿನ ಖರ್ಚು, ಹೆಂಡತಿ ಮಕ್ಕಳ ನಷ್ಟ ಅಂತ ಇನ್ನಷ್ಟು ಸೇರುತ್ತದೆ. ಮೇಲೆ ಬಡ್ಡಿ. ತಪ್ಪೆಲ್ಲ ಕಾರಿನವನದೇ ಅಂತ ಸಾಬೀತಾದರೆ ಇಷ್ಟು. ತಮ್ಮನದೂ ಪಾಲಿದೆ ಅಂದರೆ ಅಷ್ಟು ಕಡಿಯುತ್ತಾರೆ. ಜೀವಕ್ಕೆ ಹೀಗೆ ಗುಣಾಕಾರ ಮಾಡುವಾಗ ನನ್ನ ಕೈಯೇ ನಡುಗಿತು. ಆದರೆ ಈ ಲೆಕ್ಕ ಆ ಕಾರಿನವರಿಗೂ ಗೊತ್ತಿದೆ, ಅಲ್ವಾ?

ಇನ್ನೊಂದು ಇದೆ. ಯಾರ ತಪ್ಪು ಅಂತ ತೋರಿಸದೆಯೇ 5 ಲಕ್ಷ ಸಿಗುವ ದಾರಿ, ಮೋಟಾರು ವಾಹನ ಕಾಯ್ದೆಯ 164ನೇ ಕಲಂ. ಇನ್ಶೂರೆನ್ಸಿನವರಿಂದ ಅದನ್ನು ಒಪ್ಪಿಕೊಂಡುಬಿಟ್ಟರೆ ಮೇಲೆ ಹೇಳಿದ ದೊಡ್ಡ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ಕಾರಿನ ನಂಬರೇ ಸಿಗದೆ ಓಡಿಹೋಗಿದ್ದರೆ ಸರ್ಕಾರದ 2 ಲಕ್ಷ ಅಷ್ಟೇ ಇರುತ್ತಿತ್ತು. ನಮ್ಮಲ್ಲಿ ನಂಬರ್ ಇದೆ.

ನಿನ್ನೆ ಎಫ್‌ಐಆರ್ ಪ್ರತಿ ತಂದೆ. ಪೂರ್ತಿ ಮರಾಠಿ. 'ಹಯಗಯೀನೆ, ಭರಧಾವ ವೇಗಾತ್' ಅಂತ ಬರೆದಿದ್ದಾರೆ, ಅಂದರೆ ಕಾರಿನವನು ಬೇಜವಾಬ್ದಾರಿಯಿಂದ ಜೋರಾಗಿ ಬಂದ ಅಂತ. ಅದು ನಮಗೆ ಒಳ್ಳೆಯದು. ಆದರೆ ತಮ್ಮನ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ, ಆಧಾರಿನಲ್ಲಿರುವಂತೆ ಇಲ್ಲ. ಈಗಲೇ ಅರ್ಜಿ ಕೊಟ್ಟು ಸರಿ ಮಾಡಿಸುತ್ತೇನೆ. ಬಿಟ್ಟರೆ ಇನ್ಶೂರೆನ್ಸ್ ವಕೀಲರು ಅದನ್ನೇ ಎಳೆಯುತ್ತಾರೆ. ಪಂಚನಾಮೆ, ಪೋಸ್ಟ್‌ಮಾರ್ಟಂ ರಿಪೋರ್ಟು, ಕಾರಿನ ಪಾಲಿಸಿ, ಡ್ರೈವರ್ ಲೈಸೆನ್ಸಿನ ಪ್ರತಿ, ಇವೂ ನನ್ನ ಮೇಲಿರಲಿ.

ಕೇಸು ಪುಣೆಯಲ್ಲೇ ಹಾಕಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡ. ಅಪಘಾತ ಇಲ್ಲಿನ ನವಲೆ ಬ್ರಿಜ್ ಹತ್ತಿರ ಆದದ್ದು ನಿಜ. ಆದರೆ ಅರ್ಜಿದಾರರು ವಾಸವಿರುವ ಊರಿನ ಟ್ರಿಬ್ಯುನಲ್‌ನಲ್ಲೂ, ಅಂದರೆ ಅಪಘಾತ ಪರಿಹಾರದ ಕೋರ್ಟಿನಲ್ಲೂ ಹಾಕಬಹುದು. ವಿಜಯಪುರದಲ್ಲೇ ಹಾಕಿ. ಅವ್ವನನ್ನು ಪ್ರತಿ ತಾರೀಖಿಗೂ ಬಸ್ಸಿನಲ್ಲಿ ಇಲ್ಲಿಗೆ ತರೋದು ಆಗುವ ಮಾತಾ? ಮರಾಠಿ ಕಾಗದಗಳ ತರ್ಜುಮೆ ಮಾಡಿಸಬೇಕಾಗುತ್ತದೆ, ಅಷ್ಟೇ. ಅಪಘಾತವಾದ 6 ತಿಂಗಳ ಒಳಗೆ ಅರ್ಜಿ ಬೀಳಲೇಬೇಕು. ವರ್ಷಾಂತಿಕ ಆಗಲಿ ಅಂತ ಕೂರಬೇಡಿ.

ಶವಾಗಾರದ ಹೊರಗೆ ಒಬ್ಬ ನನ್ನ ಕೈಗೆ ವಕೀಲರೊಬ್ಬರ ಕಾರ್ಡು ತುರುಕಿದ. 'ಬಂದದ್ದರಲ್ಲಿ ಮೂವತ್ತು ಪರ್ಸೆಂಟ್, ಈಗ ಏನೂ ಕೊಡಬೇಡಿ' ಅಂದ. ಹೀಗೆ ಪಾಲು ಮಾತಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ನಮ್ಮ ಸೋದರಮಾವ ಹೋದಾಗ ಅತ್ತೆ ಖಾಲಿ ಹಾಳೆಗಳಿಗೆ ಹೆಬ್ಬೆಟ್ಟು ಒತ್ತಿದ್ದಳು. ಕೊನೆಗೆ ಎಷ್ಟು ಬಂತು ಅನ್ನುವುದೇ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ತಂಗಿಗೆ, ಅಂದರೆ ತಮ್ಮನ ಹೆಂಡತಿಗೆ ಹೇಳು, ಬರೆದಿರದ ಕಾಗದಕ್ಕೆ ಸಹಿ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ, ಆದಾಯ ಕೇಳುವುದಿಲ್ಲ.

ತಮ್ಮನ ಪಾಸ್‌ಬುಕ್ಕನ್ನೂ ತೆರೆದು ನೋಡಿ. ವರ್ಷಕ್ಕೆ 20 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ಪಿಎಫ್ ಇತ್ತಲ್ಲ, ಅದರ ಜೊತೆಗೇ ಇರುವ ವಿಮೆಯಲ್ಲಿ 7 ಲಕ್ಷದವರೆಗೆ ಬರುತ್ತದೆ. ತಂಗಿಗೆ ಪೆನ್ಷನ್ ಬೇರೆ.

ಮೊನ್ನೆ ಇಲ್ಲಿ ನರ್ಹೆಯಲ್ಲಿ ತಮ್ಮ ಇದ್ದ ರೂಮು ಖಾಲಿ ಮಾಡಿದೆ. ಹಾಸಿಗೆ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ 14 ತಿಂಗಳ ಪಗಾರ ಚೀಟಿ ಸಿಕ್ಕವು, ಒಂದೂ ಬಿಡದೆ ಮಡಚಿ ಇಟ್ಟಿದ್ದಾನೆ. ಮೇಲಿನ ಲೆಕ್ಕಕ್ಕೆಲ್ಲ ಅವೇ ಆಧಾರ. ಪೋಸ್ಟಿಗೆ ಹಾಕುವುದಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಸೊಲ್ಲಾಪುರದ ಮೇಲಿಂದ ಬರುತ್ತೇನೆ, ನಾನೇ ತಂಗಿಯ ಕೈಗೆ ಕೊಡುತ್ತೇನೆ.

ನಿನ್ನ ದೋಸ್ತ