ಕೆನೆಬಣ್ಣದ ಕಾಗೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. "ಆಲ್ಬಿನೊ ಕಾಗೆ ಸಿಕ್ಕಿತು", ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಕಪ್ಪು-ಕಂದು ಬಣ್ಣ ತಯಾರಾಗದ ಕಾಗೆ, ಅಂತ ಬರೆದಿದ್ದೀಯ. ಅಪರೂಪದ ಹಕ್ಕಿ ಅನ್ನುವುದರಲ್ಲಿ ಎರಡು ಮಾತಿಲ್ಲ, ಆದರೆ ಆಲ್ಬಿನೊ ಅಲ್ಲ. ಮೂರನೇ ಫೋಟೋದಲ್ಲಿ ಅದು ರೆಕ್ಕೆ ಬಿಚ್ಚಿದೆಯಲ್ಲ, ಅಲ್ಲಿ ನೋಡು. ಹಾರುಗರಿಗಳಲ್ಲಿ ಬಿಸಿಲಿಗೆ ಬೀಳುವ ಅಂಚು ಮಾತ್ರ ಕೆನೆಬಣ್ಣಕ್ಕೆ ತಿರುಗಿದೆ. ಪಕ್ಕದ ಗರಿಯ ಅಡಿಯಲ್ಲಿ ಮುಚ್ಚಿಕೊಂಡಿರುವ ಭಾಗ ಇನ್ನೂ ಗಾಢ ಕಂದು. ಹೆಗಲ ಹತ್ತಿರದ ಎರಡು ಗರಿ ಪೂರ್ತಿ ಕಂದಾಗಿವೆ. ಅವು ಈಚೆಗೆ ಹುಟ್ಟಿದ ಹೊಸ ಗರಿಗಳು. ಕಣ್ಣು ಕಪ್ಪಗಿದೆ. ಅಂದರೆ ಇದರ ಮೈಯಲ್ಲಿ ಬಣ್ಣ ತಯಾರಾಗುತ್ತಿದೆ, ಆದರೆ ಪೂರ್ತಿ ಪಕ್ವವಾಗುತ್ತಿಲ್ಲ. ಕಪ್ಪಾಗಬೇಕಾದದ್ದು ಕಂದಿನಲ್ಲೇ ನಿಂತುಬಿಟ್ಟಿದೆ, ಆ ಅರೆಬೆಂದ ಬಣ್ಣ ಬಿಸಿಲಿಗೆ ಬೇಗ ಬಿಳಿಚಿಕೊಂಡಿದೆ. ಹಕ್ಕಿಗಳ ಬಣ್ಣಗೇಡುಗಳನ್ನು ವಿಂಗಡಿಸುವವರು ಇದಕ್ಕೆ ಸುಮ್ಮನೆ "ಬ್ರೌನ್" ಅನ್ನುತ್ತಾರೆ.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ನಿನ್ನ ಕಾಗೆ ಬಹುಪಾಲು ಹೆಣ್ಣು. ನಮ್ಮಲ್ಲಿ ಗಂಡಿಗೆ ಎಕ್ಸ್ ಮತ್ತು ವೈ ಇದ್ದರೆ, ಹಕ್ಕಿಗಳಲ್ಲಿ ಅದು ತಿರುಗುಮುರುಗು: ಗಂಡಿಗೆ ಎರಡು ಝಡ್ ಕ್ರೋಮೋಸೋಮು, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಈ ಕಂದು ಗುಣದ ಜೀನು ಝಡ್ ಮೇಲಿದೆ, ಅದೂ ದುರ್ಬಲ ಗುಣ. ಗಂಡಿನಲ್ಲಿ ಅದು ಹೊರಗೆ ಕಾಣಬೇಕಾದರೆ ಎರಡೂ ಝಡ್‌ಗಳಲ್ಲಿ ಇರಬೇಕು. ಹೆಣ್ಣಿಗೆ ಒಂದೇ ಸಾಕು. ಕಾಡಿನಲ್ಲಿ ಎರಡೂ ಕೂಡಿ ಬರುವುದು ತೀರ ಅಪರೂಪವಾದ್ದರಿಂದ ಕಾಣಸಿಗುವ ಕಂದು ಹಕ್ಕಿಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಗುಣ ದಾಟಿ ಬಂದದ್ದು ನೋಡಲು ಮಾಮೂಲಿಯಾಗಿರುವ ಅಪ್ಪನಿಂದ. ಗಂಡು ಹೆಣ್ಣು ನೋಟಕ್ಕೆ ಒಂದೇ ತರ ಇರುವ ಕಾಗೆಯಂಥ ಹಕ್ಕಿಯಲ್ಲಿ ಬಣ್ಣವೊಂದೇ ಲಿಂಗ ಹೇಳಿಬಿಡುವುದು ನನಗಂತೂ ಸಣ್ಣ ಮಜವಲ್ಲ.

ಬಣ್ಣದ ಲೆಕ್ಕ ಶುರುವಾಗುವುದು ಮೈಯೇ ತಯಾರಿಸುವ ಮೆಲನಿನ್ ಎಂಬ ಬಣ್ಣದ ವಸ್ತುವಿನಿಂದ. ಅದರಲ್ಲಿ ಎರಡು ಬಗೆ. ಯೂಮೆಲನಿನ್ ಕಪ್ಪು, ಬೂದು, ಗಾಢ ಕಂದು ಕೊಡುತ್ತದೆ. ಫಿಯೋಮೆಲನಿನ್ ಕೆಂಗಂದು, ಹಳದಿಗಂದು. ಹಕ್ಕಿಗಳ ಕಡುಹಳದಿ, ಕಿತ್ತಳೆ, ಕೆಂಪು ಹೆಚ್ಚಾಗಿ ಕೆರೊಟಿನಾಯ್ಡ್ ಎಂಬ ಬಣ್ಣದ ವಸ್ತುಗಳದು, ಅವು ಆಹಾರದಿಂದಲೇ ಬರಬೇಕು. ನೀಲಿ ಮತ್ತು ಮಿರುಗುವ ಬಣ್ಣಗಳು ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ಹುಟ್ಟುವಂಥವು, ಅವಕ್ಕೂ ಹಿಂದೆ ಮೆಲನಿನ್ ಇದ್ದರೇ ಚೆಂದ. ಯಾವ ಬಣ್ಣ ಹೋಗಿದೆ, ಯಾವುದು ಉಳಿದಿದೆ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಆಲ್ಬಿನೊ ಅಂದರೆ ಮೆಲನಿನ್ ಪೂರ್ತಿ ಸೊನ್ನೆ. ಟೈರೊಸಿನೇಸ್ ಎಂಬ ಕಿಣ್ವ ಕೆಲಸ ಮಾಡದೆ ಮೆಲನಿನ್ ತಯಾರಿಕೆ ಮೊದಲ ಮೆಟ್ಟಿಲಲ್ಲೇ ನಿಂತುಹೋಗುತ್ತದೆ. ಗರಿ ಬಿಳಿ, ಕೊಕ್ಕು ಕಾಲು ನಸುಗೆಂಪು, ಕಣ್ಣೊಳಗಿನ ರಕ್ತನಾಳ ಕಂಡು ಕಣ್ಣೂ ಕೆಂಪು. "ಭಾಗಶಃ ಆಲ್ಬಿನೊ" ಅಂತ ಬರೆಯುತ್ತಾರಲ್ಲ, ಅಂಥದ್ದೊಂದು ಇರಲಾರದು; ಕಿಣ್ವ ಇಲ್ಲ ಎಂದರೆ ಇಡೀ ಮೈಗೆ ಇಲ್ಲ. ಹಾಗೆಂದು ಆಲ್ಬಿನೊ ಯಾವಾಗಲೂ ಅಚ್ಚ ಬಿಳಿಯೇ ಆಗಿರಬೇಕಿಲ್ಲ. ಕೆರೊಟಿನಾಯ್ಡ್ ಇರುವ ಹಕ್ಕಿಯಲ್ಲಿ ಹಳದಿಯೋ ಕೆಂಪೋ ಹಾಗೇ ಉಳಿಯುತ್ತದೆ.

ಬಿಳಿ ಪ್ರಾಣಿಯನ್ನು ಬೇಟೆಗಾರ ಪ್ರಾಣಿ ಬೇಗ ಗುರುತಿಸಿ ಕೊಲ್ಲುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಆಲ್ಬಿನೊ ಮಟ್ಟಿಗೆ ಅದಕ್ಕಿಂತ ಮೊದಲ ಶತ್ರು ಅದರ ಕಣ್ಣೇ. ಮೆಲನಿನ್ ಇಲ್ಲದೆ ಅಕ್ಷಿಪಟ ಸರಿಯಾಗಿ ಬೆಳೆಯುವುದಿಲ್ಲ, ಬೆಳಕು ಕುಕ್ಕುತ್ತದೆ, ದೂರದ ಅಂದಾಜು ಸಿಗುವುದಿಲ್ಲ. ಹಾರಿಬಂದು ಕೊಂಬೆ ಮೇಲೆ ಇಳಿಯಬೇಕಾದ ಜೀವಿಗೆ ಇದು ಸಾವಿನ ಸಮಾನ. ಹೆಚ್ಚಿನವು ಗೂಡು ಬಿಟ್ಟ ಕೆಲವೇ ದಿನಗಳಲ್ಲಿ ಸಾಯುತ್ತವೆ. ಹಾಗಾಗಿ ಬೆಳೆದ, ಚೆನ್ನಾಗಿ ಹಾರಾಡುವ ಬಿಳಿ ಹಕ್ಕಿ ಕಂಡರೆ ಆಲ್ಬಿನೊ ಅನ್ನುವುದನ್ನು ಕೊನೆಯ ಸಾಧ್ಯತೆಯಾಗಿ ಇಟ್ಟುಕೋ. ಕಣ್ಣಲ್ಲಿ ಕೆಂಪು ಛಾಯೆ ಇದ್ದರೂ ಅದು "ಇನೊ" ಎಂಬ ಇನ್ನೊಂದು ಬಗೆ ಇರಬಹುದು. ಅದರಲ್ಲಿ ಮೆಲನಿನ್ ತೀರ ಕಡಿಮೆ, ಆದರೆ ಇದೆ. ಹೊಸ ಗರಿಯಲ್ಲಿ ತೆಳು ಕಂದು ಛಾಯೆ ಕಾಣುತ್ತದೆ, ಬಿಸಿಲಿಗೆ ಅದೂ ಹೋಗಿ ಹಳೆ ಗರಿ ಬಿಳಿಯೇ ಆಗುತ್ತದೆ. ದೃಷ್ಟಿ ಆಲ್ಬಿನೊಗಿಂತ ಎಷ್ಟೋ ವಾಸಿ.

ಇನ್ನು ಅಲ್ಲಲ್ಲಿ ಬಿಳಿ ಗರಿ ಇರುವ ಹಕ್ಕಿಗಳು. ಕಾಗೆ, ಗೊರವಂಕ, ಗುಬ್ಬಿ, ಪಿಕಳಾರಗಳಲ್ಲಿ ಜನ ಹೆಚ್ಚು ನೋಡುವುದು ಇವನ್ನೇ, ಎಡವುವುದೂ ಇಲ್ಲೇ. ಎಲ್ಲದಕ್ಕೂ "ಲ್ಯೂಸಿಸಂ" ಅಂತ ಚೀಟಿ ಅಂಟಿಸಿಬಿಡುತ್ತಾರೆ. ನಿಜವಾಗಿ ಇಲ್ಲಿ ಮೂರು ಬೇರೆ ಬೇರೆ ಕಾರಣಗಳಿವೆ.

ಲ್ಯೂಸಿಸಂ ಹುಟ್ಟಿನಿಂದ ಬರುವುದು. ಭ್ರೂಣದಲ್ಲಿ ಬಣ್ಣದ ಕೋಶಗಳು ಬೆನ್ನಿನ ಸಾಲಿನಿಂದ ಹೊರಟು ಮೈಯೆಲ್ಲ ಹರಡಬೇಕು. ಕೆಲವು ದಾರಿಯಲ್ಲೇ ನಿಂತರೆ ಅತಿ ದೂರದ ಜಾಗಗಳಿಗೆ, ಅಂದರೆ ಮುಖ, ರೆಕ್ಕೆಯ ತುದಿ, ಹೊಟ್ಟೆ, ಪಾದಗಳಿಗೆ ಬಣ್ಣ ತಲುಪುವುದಿಲ್ಲ. ಅದಕ್ಕೇ ಬಿಳಿ ಪಟ್ಟೆ ಎಡಬಲ ಸುಮಾರು ಸಮನಾಗಿರುತ್ತದೆ. ಯಾವ ಕೋಶವೂ ತಲುಪದಿದ್ದರೆ ಇಡೀ ಹಕ್ಕಿಯೇ ಬಿಳಿ, ಆದರೂ ಕಣ್ಣು ಕಪ್ಪು, ಏಕೆಂದರೆ ಅಕ್ಷಿಪಟದ ಬಣ್ಣದ ಪದರ ಹುಟ್ಟುವ ಜಾಗವೇ ಬೇರೆ. ಈ ವಿನ್ಯಾಸ ಜೀವಮಾನವಿಡೀ ಬದಲಾಗುವುದಿಲ್ಲ.

ಎರಡನೆಯದು ನರೆ. ಮಾಮೂಲಿ ಬಣ್ಣದಲ್ಲೇ ಬೆಳೆದ ಹಕ್ಕಿಯಲ್ಲಿ ಬಣ್ಣದ ಕೋಶಗಳು ಒಂದೊಂದಾಗಿ ಸಾಯುತ್ತವೆ. ಬಿಳಿ ಗರಿಗಳು ಚದುರಿದ ಹಾಗೆ ಬರುತ್ತವೆ, ಎಡಬಲ ಹೊಂದುವುದಿಲ್ಲ, ಪ್ರತಿ ಸಲ ಗರಿ ಬದಲಿಸಿದಾಗಲೂ ಇನ್ನಷ್ಟು ಹೆಚ್ಚುತ್ತವೆ. ಹಕ್ಕಿಗಳಲ್ಲಿ ಕಾಣುವ ಬಿಳಿಗೆ ಅತಿ ಸಾಮಾನ್ಯ ಕಾರಣ ಇದೇ ಎಂದು ಬ್ರಿಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹಕ್ಕಿ ಸಂಗ್ರಹ ನೋಡಿಕೊಳ್ಳುವ ಹೈನ್ ವಾನ್ ಗ್ರೌ ವಾದಿಸುತ್ತ ಬಂದಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಮೂರನೆಯದು ಹೊಟ್ಟೆಪಾಡಿನದು, ಕಾಗೆ ಜಾತಿಯಲ್ಲಿ ಹೆಚ್ಚು. ಗರಿ ಬೆಳೆಯುವಾಗ ತಿಂದ ಆಹಾರ ಕಳಪೆಯಾಗಿದ್ದು ಮೆಲನಿನ್‌ಗೆ ಬೇಕಾದ ಅಮೈನೊ ಆಮ್ಲ ದೊರಕದಿದ್ದರೆ ಆ ಹೊತ್ತಿಗೆ ಬೆಳೆದ ಭಾಗ ಬಿಳಿಚಿಕೊಳ್ಳುತ್ತದೆ. ಎಲ್ಲ ಹಾರುಗರಿಗಳಿಗೂ ಅಡ್ಡಲಾಗಿ ಬೂದುಬಿಳಿ ಪಟ್ಟಿ, ಎರಡೂ ರೆಕ್ಕೆಯಲ್ಲಿ. ಮರಿಗಳಲ್ಲಿ ಎಲ್ಲ ಗರಿ ಒಟ್ಟಿಗೆ ಬೆಳೆಯುವುದರಿಂದ ಪಟ್ಟಿ ಸ್ಪಷ್ಟ. ಚೆನ್ನಾಗಿ ತಿಂದರೆ ಮುಂದಿನ ಗರಿ ಕಪ್ಪಾಗಿಯೇ ಬರುತ್ತದೆ.

ಹಾಗಾದರೆ ಒಂದೇ ಫೋಟೋದಿಂದ ಹೇಗೆ ತೀರ್ಮಾನಿಸುವುದು ಅನ್ನುತ್ತೀಯ. ಎಷ್ಟೋ ಸಲ ಆಗುವುದಿಲ್ಲ, ಮಾರಾಯ. ಬೆಳೆದ ಕಾಗೆ ವರ್ಷಕ್ಕೊಮ್ಮೆ, ಮರಿ ಮಾಡುವ ಕಾಲ ಮುಗಿಯುತ್ತ ಬಂದಾಗ, ಹಾರುಗರಿಗಳನ್ನು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬದಲಿಸುತ್ತದೆ. ಅದಕ್ಕೆ ಮೊದಲೊಂದು, ಮುಗಿದ ಮೇಲೊಂದು ಫೋಟೋ ಇರಲಿ. ಬಿಳಿ ಹಾಗೇ ಇದ್ದರೆ ಲ್ಯೂಸಿಸಂ, ಹೆಚ್ಚಿದ್ದರೆ ನರೆ, ಮಾಯವಾಗಿದ್ದರೆ ಆಹಾರ. ಒಂದೇ ಒಂದು ಗರಿ ಬಿಳಿ ಇದ್ದರೆ ಅಲ್ಲಿ ಹಿಂದೆ ಗಾಯವಾಗಿರಬಹುದು. ಬಿಳಿ ಗರಿಯ ತುದಿ ಹರಿದು ಚಿಂದಿಯಾಗಿರುವುದನ್ನೂ ನೋಡುತ್ತೀಯ. ಮೆಲನಿನ್ ಗರಿಗೆ ಗಟ್ಟಿತನವನ್ನೂ ಕೊಡುತ್ತದೆ. ಎಷ್ಟೋ ಬಿಳಿ ಕಡಲಹಕ್ಕಿಗಳಿಗೂ ರೆಕ್ಕೆಯ ತುದಿ ಮಾತ್ರ ಕಪ್ಪಾಗಿರುವುದು ಅದಕ್ಕೇ.

ಸಸ್ತನಿಗಳಲ್ಲೂ ಸೂತ್ರ ಇದೇ. ಜಿಂಕೆ, ಕಡವೆ, ಕೋತಿ ಬೆಳ್ಳಗಿದ್ದರೆ ಕಣ್ಣು, ಮೂಗಿನ ತುದಿ, ಗೊರಸು ನೋಡು. ಕಾಡಲ್ಲಿ ಕಟ್ಟಿಟ್ಟು, ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿನ ರಾತ್ರಿ ಫೋಟೋದಿಂದ ಮಾತ್ರ ಕಣ್ಣಿನ ಬಣ್ಣ ಹೇಳಬೇಡ. ಫ್ಲ್ಯಾಶ್ ಬಿದ್ದರೆ ಯಾವ ಕಣ್ಣೂ ಹೊಳೆಯುತ್ತದೆ. ಇನ್‌ಫ್ರಾರೆಡ್ ಫೋಟೋದಲ್ಲಿ ಮೈಬಣ್ಣವನ್ನೂ ನಂಬುವಂತಿಲ್ಲ. ಇನ್‌ಫ್ರಾರೆಡ್‌ನ ಅದೇ ಗುಣ ಕರಿಚಿರತೆಯ ವಿಷಯದಲ್ಲಿ ಉಪಕಾರಕ್ಕೆ ಬರುತ್ತದೆ: ಹಗಲಲ್ಲಿ ಕಾಣದ ಚುಕ್ಕೆಗಳು ಇನ್‌ಫ್ರಾರೆಡ್‌ನಲ್ಲಿ ಎದ್ದು ಕಾಣುತ್ತವೆ, ಅದರಿಂದ ಒಂದೊಂದು ಚಿರತೆಯನ್ನೂ ಬೇರೆಬೇರೆಯಾಗಿ ಗುರುತಿಸಬಹುದು.

ಕರಿಚಿರತೆ ಬೇರೆ ಜಾತಿಯಲ್ಲ ಎಂದು ನಿನಗೆ ಗೊತ್ತು. ಚಿರತೆಯಲ್ಲಿ ಕಪ್ಪು ದುರ್ಬಲ ಗುಣ, ಆದ್ದರಿಂದ ಚುಕ್ಕೆಯ ತಂದೆತಾಯಿಗೆ ಕಪ್ಪು ಮರಿ ಹುಟ್ಟಬಹುದು. ದಕ್ಷಿಣ ಅಮೆರಿಕದ ಜಾಗ್ವಾರ್‌ನಲ್ಲಿ ಕಪ್ಪಿಗೆ ಕಾರಣವಾದ ಜೀನು ಬೇರೆ, ಅದು ಪ್ರಬಲ. ಅಲ್ಲಿ ಕಪ್ಪು ಮರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಕಪ್ಪಿರಬೇಕು. ಮಲಯ ಪರ್ಯಾಯ ದ್ವೀಪದಲ್ಲಂತೂ ಚಿರತೆ ಅಂದರೆ ಬಹುತೇಕ ಕಪ್ಪೇ. ದಟ್ಟ ಒದ್ದೆ ಕಾಡಿನ ಮಬ್ಬಿನಲ್ಲಿ ಕಪ್ಪು ನಷ್ಟವಲ್ಲ.

ಒಡಿಶಾದ ಸಿಮಿಲಿಪಾಲದ "ಕಪ್ಪು ಹುಲಿ" ಬೇರೆಯೇ ಕಥೆ. ಅಲ್ಲಿ ಮೈ ಕಪ್ಪಾಗಿಲ್ಲ, ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡಿವೆ. ಸಂದಿಯಲ್ಲಿ ಕಿತ್ತಳೆ ಇಣುಕುತ್ತದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಕಾರಣ ತೋರಿಸಿತು: ಟ್ಯಾಕ್‌ಪೆಪ್ ಎಂಬ ಜೀನಿನ ಡಿಎನ್‌ಎಯಲ್ಲಿ ಒಂದೇ ಅಕ್ಷರದ ಬದಲಾವಣೆ. ಆಫ್ರಿಕದ ಕಿಂಗ್ ಚೀತಾದ ದಪ್ಪ ಪಟ್ಟೆಗೂ ಕೆಲವು ಸಾಕುಬೆಕ್ಕುಗಳ ಸುರುಳಿ ವಿನ್ಯಾಸಕ್ಕೂ ಇದೇ ಜೀನು ಕಾರಣ. ಸಿಮಿಲಿಪಾಲದ ಹುಲಿಗಳಲ್ಲಿ ನೂರಕ್ಕೆ ಸುಮಾರು 37 ಹೀಗಿವೆ ಎಂದು ಆ ಅಧ್ಯಯನ ಲೆಕ್ಕ ಹಾಕಿತು. ಈ ಸಂಖ್ಯೆ ಕೇಳಿ ಖುಷಿಪಡುವವರೇ ಹೆಚ್ಚು. ನನಗೆ ಅದು ಹುಲಿಗಳ ಒಂಟಿತನದ ಲೆಕ್ಕವಾಗಿ ಕಾಣುತ್ತದೆ. ಬೇರೆ ಕಾಡುಗಳಿಂದ ಹುಲಿ ಬರದೆ, ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಕೂಡುತ್ತ ಬಂದದ್ದರಿಂದ ಅಪರೂಪದ ಗುಣ ಹೀಗೆ ಹೆಚ್ಚಿತು. ಕಪ್ಪು ಕಾಣುತ್ತದೆ, ಅದರ ಜೊತೆಗೆ ಹೆಚ್ಚಿರಬಹುದಾದ ಇತರ ಕೆಟ್ಟ ಗುಣಗಳು ಕಣ್ಣಿಗೆ ಕಾಣುವುದಿಲ್ಲ.

ಬಿಳಿ ಹುಲಿಯನ್ನು ಆಲ್ಬಿನೊ ಅನ್ನುವವರಿಗೆ ಅದರ ಪಟ್ಟೆಯೇ ಉತ್ತರ. ಅದರಲ್ಲಿ ಕೆಂಗಂದು ಹೋಗಿದೆ, ಕಪ್ಪು ಉಳಿದಿದೆ. 1951ರಲ್ಲಿ ಈಗಿನ ಮಧ್ಯಪ್ರದೇಶದ ರೀವಾ ಸೀಮೆಯಲ್ಲಿ ಹಿಡಿದ ಮೋಹನ್ ಎಂಬ ಮರಿಯನ್ನು ಮುಂದೆ ತನ್ನ ಮಗಳ ಜೊತೆಗೇ ಕೂಡಿಸಿ ಬಿಳಿ ಸಂತಾನ ಪಡೆದರು. ಜಗತ್ತಿನ ಮೃಗಾಲಯಗಳಲ್ಲಿರುವ ಬಿಳಿ ಹುಲಿಗಳ ಹಿಂದಿರುವುದು ಬಹುಪಾಲು ಅದೇ ವಂಶ. ಕಣ್ಣಿನಿಂದ ಮೆದುಳಿಗೆ ಹೋಗುವ ನರಗಳ ಜೋಡಣೆ ತಪ್ಪಿರುವುದರಿಂದ ಎಷ್ಟೋ ಬಿಳಿ ಹುಲಿಗಳಿಗೆ ಮೆಳ್ಳಗಣ್ಣು. ಇದನ್ನು ಸಂರಕ್ಷಣೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಬಿಳಿ ಬಣ್ಣ ಯಾವಾಗಲೂ ಹೊರೆಯೇ ಅಂತಲೂ ಇಲ್ಲ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕಪ್ಪು ಕರಡಿಗಳ ನಡುವೆ ಅದೇ ಜಾತಿಯ ಬಿಳಿ ಕರಡಿಗಳಿವೆ. ಹಗಲಲ್ಲಿ ಸಾಲ್ಮನ್ ಮೀನು ಹಿಡಿಯುವುದರಲ್ಲಿ ಅವುಗಳದೇ ಮೇಲುಗೈ, ಏಕೆಂದರೆ ನೀರೊಳಗಿನಿಂದ ನೋಡುವ ಮೀನಿಗೆ ಬಿಳಿ ಮೈ ಅಷ್ಟಾಗಿ ಕಾಣುವುದಿಲ್ಲ.

ವಂಶಕ್ಕೆ ಸಂಬಂಧವೇ ಇಲ್ಲದ ಬಣ್ಣಗಳೂ ಇವೆ. ಉತ್ತರ ಅಮೆರಿಕದ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಯ ಬಾಲದ ಹಳದಿ ತುದಿ 1960ರ ದಶಕದಿಂದ ಕೆಲವಲ್ಲಿ ಕಿತ್ತಳೆಯಾಗತೊಡಗಿತು. ಹೊರಗಿನಿಂದ ಬಂದ ಹನಿಸಕಲ್ ಗಿಡದ ಹಣ್ಣನ್ನು ಬಾಲ ಬೆಳೆಯುವ ಹೊತ್ತಿಗೆ ತಿಂದದ್ದೇ ಕಾರಣ. ಗಡ್ಡದ ರಣಹದ್ದು ಕಬ್ಬಿಣದ ಅಂಶವಿರುವ ಕೆಸರಲ್ಲಿ ಮಿಂದು ಬಿಳಿ ಎದೆಯನ್ನು ತಾನೇ ಕೆಂಪು ಮಾಡಿಕೊಳ್ಳುತ್ತದೆ. ಹೂವಿಗೆ ಮುಖ ಹಾಕಿದ ಹಕ್ಕಿಯ ಹಣೆ ಪರಾಗದಿಂದ ಹಳದಿಯಾಗಿರುತ್ತದೆ. ಉದ್ದ ಬಾಲದ ರಾಜಹಕ್ಕಿಯ ಬಿಳಿ ಗಂಡಂತೂ ಬಣ್ಣಗೇಡೇ ಅಲ್ಲ, ಆ ಜಾತಿಯ ಗಂಡಿಗೆ ಕೆಂಗಂದು, ಬಿಳಿ ಎರಡೂ ಸಹಜ.

ಮುಂದಿನ ಸಲಕ್ಕೆ ಒಂದಿಷ್ಟು ಸೂಚನೆ. ಕಡುಹಸಿರು ಎಲೆಗಳ ಮುಂದೆ ಬಿಳಿ ಹಕ್ಕಿ ಕೂತರೆ ಕ್ಯಾಮೆರಾ ಕತ್ತಲೆಯನ್ನು ಲೆಕ್ಕ ಹಿಡಿದು ಹೆಚ್ಚು ಬೆಳಕು ತೆಗೆದುಕೊಂಡು, ಹಕ್ಕಿಯ ಗರಿಯ ವಿವರವೇ ಕಾಣದಂತೆ ಸುಟ್ಟುಹಾಕುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸು. ಆಕಾಶದ ಮುಂದಿದ್ದರೆ ಉಲ್ಟಾ, ಏರಿಸಬೇಕು. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡ, ಬೂದು ಯಾವುದು ತೆಳುಗಂದು ಯಾವುದು ಗೊತ್ತಾಗದೆ ಹೋಗುತ್ತದೆ. ಅದೇ ಬೆಳಕಲ್ಲಿ ಪಕ್ಕದ ಮಾಮೂಲಿ ಹಕ್ಕಿಯದೂ ಒಂದು ಫೋಟೋ ಬೇಕು. ಕಣ್ಣು, ಕೊಕ್ಕು, ಕಾಲು, ಬಿಚ್ಚಿದ ಎರಡೂ ರೆಕ್ಕೆ, ಬಾಲ ಸಿಕ್ಕಿದರೆ ಮಿಕ್ಕಿದ್ದು ಇಲ್ಲದಿದ್ದರೂ ನಡೆಯುತ್ತದೆ. ತಾರೀಕು ಬರೆದಿಡು, ಗರಿ ಹಳೆಯದೋ ಹೊಸದೋ ಅನ್ನುವುದನ್ನೂ. ಹೆಸರು ಖಚಿತವಾಗದಿದ್ದರೆ ಕಂಡದ್ದನ್ನು ಮಾತ್ರ ಬರೆ: "ಕಣ್ಣು ಕಪ್ಪು, ಬಲರೆಕ್ಕೆಯ ಹೊರಗಿನ ಮೂರು ಗರಿ ಬಿಳಿ". ತಪ್ಪು ಹೆಸರಿಗಿಂತ ಅದು ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಮತ್ತೆ, ಫೋಟೋ ಹಂಚುವ ಮುಂಚೆ ಅದರಲ್ಲಿ ಅಡಗಿರುವ ಜಿಪಿಎಸ್ ಮಾಹಿತಿ ಅಳಿಸು, ತಾಲೂಕಿನ ಹೆಸರಿಗಿಂತ ಹತ್ತಿರದ ಗುರುತು ಕೊಡಬೇಡ. ಗೂಡಿದ್ದರಂತೂ ಮರಿ ಹಾರುವವರೆಗೆ ಯಾರಿಗೂ ಹೇಳಬೇಡ.

ಇಂತಿ ನಿನ್ನ,
ಗೆಳೆಯ